ಪ್ರೊಟೀನ್ ಪೊಟ್ಟಣಕ್ಕೆ ಸುರಿಯುವ ದುಡ್ಡು

ಮೈಸೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳಿಗೆ ಕಬಡ್ಡಿ, ಕೊಕ್ಕೊ, ಓಟ ಕಲಿಸುತ್ತೇನೆ. ಈಚೆಗೆ ಪೋಷಕರ ಸಭೆಗೆ ಬಂದವರು ನನ್ನ ಬಳಿ ಬಂದು ಕೇಳುವ ಪ್ರಶ್ನೆ ಒಂದೇ: ‘ಮೇಷ್ಟ್ರೇ, ಹುಡುಗನಿಗೆ ಪ್ರೊಟೀನ್ ಬಾರ್ ಕೊಡಿಸಬೇಕಾ? ಪ್ರೊಟೀನ್ ಬಿಸ್ಕತ್ತು ಒಳ್ಳೇದಾ?’ ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಬೇಡ. ಅಂಗಡಿಯಲ್ಲಿ ಸಿಗುವ ಪ್ರೊಟೀನ್ ತಿಂಡಿಗಳಲ್ಲಿ ಬಹುಪಾಲು ಕೊಟ್ಟ ದುಡ್ಡಿಗೆ ತಕ್ಕವಲ್ಲ. ಕಷ್ಟಪಟ್ಟು ಸಂಸಾರ ತೂಗಿಸುವ ಮನೆಗಳಲ್ಲಂತೂ ಅವು ಹಾಲು, ಮೊಟ್ಟೆ, ಬೇಳೆಗೆ ಹೋಗಬೇಕಾದ ಕಾಸನ್ನು ಕಿತ್ತುಕೊಳ್ಳುತ್ತಿವೆ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ನಮ್ಮ ಕಬಡ್ಡಿ ತಂಡದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ, ಒಳ್ಳೆಯ ರೇಡರ್. ಅವಳ ತಾಯಿ ಬಸ್ ನಿಲ್ದಾಣದ ಹತ್ತಿರ ಹೂವು ಮಾರುತ್ತಾರೆ. ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟ ಹತ್ತಿರ ಬಂದಾಗ ಆ ತಾಯಿ ಮಗಳ ಬ್ಯಾಗಿನಲ್ಲಿ ಒಂದು ಪ್ರೊಟೀನ್ ಬಾರ್ ಇಟ್ಟು ಕಳಿಸಿದ್ದರು. ಸಂಜೆ ಮಗಳನ್ನು ಕರೆದೊಯ್ಯಲು ಬಂದವರು, ‘ಇದ್ ತಿಂದ್ರೆ ಕಸುವು ಬರ್ತದಂತಲ್ಲ ಸಾರ್, ಟಿವೀಲಿ ತೋರುಸ್ತಾರೆ. ಅದ್ಕೇ ಈ ವಾರ ಅರ್ಧ ಲೀಟ್ರು ಹಾಲು ಬುಟ್ಬುಟ್ಟು ಇದ್ನೇ ತಂದೆ’ ಅಂದರು.

ಆ ಪೊಟ್ಟಣವನ್ನು ಇಸಿದುಕೊಂಡು ತಿರುಗಿಸಿ ನೋಡಿದೆ. ತೂಕ 40 ಗ್ರಾಂ, ಪ್ರೊಟೀನ್ 10 ಗ್ರಾಂ, ಬೆಲೆ ₹70. ಮುಂಭಾಗದಲ್ಲಿ ತೋಳು ಉಬ್ಬಿಸಿದ ಚಿತ್ರ. ಹಿಂಭಾಗದಲ್ಲಿ ಓದಲು ಕಣ್ಣು ಕಿರಿದಾಗಿಸಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಸಾಮಗ್ರಿಗಳ ಪಟ್ಟಿ. ನಮ್ಮ ದೇಶದ ಲೇಬಲ್ ನಿಯಮದ ಪ್ರಕಾರ ಯಾವುದರ ತೂಕ ಹೆಚ್ಚೋ ಅದನ್ನು ಮೊದಲು ಬರೆಯಬೇಕು. ಆ ಪಟ್ಟಿಯಲ್ಲಿ ಮೊದಲು ಇದ್ದದ್ದು ಖರ್ಜೂರದ ಪಾಕ, ಆಮೇಲೆ ಚಾಕೊಲೇಟಿನಂಥ ಲೇಪನ. ಪ್ರೊಟೀನಿನ ಸರದಿ ಅದಾದ ಮೇಲೆ. ಆ ತಾಯಿ ಬಿಟ್ಟ ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 15 ಗ್ರಾಂ ಪ್ರೊಟೀನ್ ಇರುತ್ತದೆ, ಜೊತೆಗೆ ಬೆಳೆಯುವ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಕೂಡ. ಮಗಳ ಕಸುವಿಗೆಂದು ದುಡ್ಡು ಹೆಚ್ಚು ಖರ್ಚು ಮಾಡಿದ ಆ ಮನೆಯಲ್ಲಿ ಪ್ರೊಟೀನ್ ಕಡಿಮೆಯಾಗಿತ್ತು. ನನಗೆ ಸಂಕಟವಾದದ್ದು ಅದಕ್ಕೆ.

‘ಹೈ ಪ್ರೊಟೀನ್’ ಎಂದು ಬರೆಯಲು ಎಷ್ಟು ಪ್ರೊಟೀನ್ ಇರಬೇಕು? ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿಯ ಪ್ರಕಾರ, ಘನ ಆಹಾರವಾದರೆ 100 ಗ್ರಾಂನಲ್ಲಿ ದಿನದ ಅಗತ್ಯದ ಶೇ 20ರಷ್ಟು ಇದ್ದರೆ ಸಾಕು. ದಿನದ ಅಗತ್ಯ 54 ಗ್ರಾಂ ಎಂದು ಹಿಡಿದರೆ ಅದು ಹೆಚ್ಚುಕಡಿಮೆ 11 ಗ್ರಾಂ ಆಗುತ್ತದೆ. ನಾವು ಚಪಾತಿ ಲಟ್ಟಿಸುವ ಗೋಧಿ ಹಿಟ್ಟಿನಲ್ಲೇ 100 ಗ್ರಾಂಗೆ 10 ಗ್ರಾಂ ಮೇಲಿದೆ. ಕಡ್ಲೆಬೀಜದಲ್ಲಿ ಸುಮಾರು 25, ಹುರಿಗಡಲೆಯಲ್ಲಿ 20ಕ್ಕೂ ಹೆಚ್ಚು, ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ. ಸಂತೆಯಲ್ಲಿ ಗೋಣಿಚೀಲದಿಂದ ಅಳೆದು ಕೊಡುವ ಈ ಕಾಳುಗಳ ಮೇಲೆ ಯಾರೂ ‘ಹೈ ಪ್ರೊಟೀನ್’ ಎಂಬ ಚೀಟಿ ಅಂಟಿಸುವುದಿಲ್ಲ.

ಇನ್ನೊಂದು ವಿಷಯ. ಈ ನಿಯಮ 100 ಗ್ರಾಂ ಲೆಕ್ಕದಲ್ಲಿದೆ, ನಾವು ತಿನ್ನುವುದು 30 ಗ್ರಾಂ. ಪ್ರೊಟೀನ್ ಬಿಸ್ಕತ್ತನ್ನೇ ತೆಗೆದುಕೊಳ್ಳಿ. 100 ಗ್ರಾಂಗೆ 11 ಗ್ರಾಂ ಪ್ರೊಟೀನ್ ಇರುವ ಬಿಸ್ಕತ್ತನ್ನು ಒಂದು ಹೊತ್ತಿಗೆ 30 ಗ್ರಾಂ ತಿಂದರೆ ಮೈಗೆ ಸಿಗುವುದು ಮೂರು ಗ್ರಾಂ ಚಿಲ್ಲರೆ. ಮಾಮೂಲಿ ಗ್ಲೂಕೋಸ್ ಬಿಸ್ಕತ್ತಿನಲ್ಲೂ ಅಷ್ಟು ತೂಕಕ್ಕೆ ಸುಮಾರು ಎರಡು ಗ್ರಾಂ ಇರುತ್ತದೆ. ಹೆಚ್ಚಾದದ್ದು ಒಂದು ಗ್ರಾಂ. ಆ ಒಂದು ಗ್ರಾಂ ಐದಾರು ಕಡ್ಲೆಬೀಜದಲ್ಲಿದೆ. ಮೈದಾ, ಸಕ್ಕರೆ, ಎಣ್ಣೆ ಎರಡು ಬಿಸ್ಕತ್ತಿನಲ್ಲೂ ಇವೆ. ಬದಲಾಗಿರುವುದು ಹೊದಿಕೆ ಮತ್ತು ಬೆಲೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಆ ₹70ರ ಬಾರ್‌ನಲ್ಲಿ ಒಂದು ಗ್ರಾಂ ಪ್ರೊಟೀನಿಗೆ ಬಿದ್ದದ್ದು ₹7. ನಮ್ಮೂರಿನ ಅಂಗಡಿಯಲ್ಲಿ ಒಂದು ಮೊಟ್ಟೆಗೆ ₹7, ಅದರಲ್ಲಿ ಆರು ಗ್ರಾಂ ಪ್ರೊಟೀನ್. ಅಂದರೆ ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ. ಕಿಲೋಗೆ ₹150 ಕೊಟ್ಟು ತಂದ ಕಡ್ಲೆಬೀಜದಲ್ಲಿ ಗ್ರಾಂಗೆ 60 ಪೈಸೆ. ಬಾರ್‌ಗೆ ಕೊಟ್ಟ ₹70ಕ್ಕೆ ಹತ್ತು ಮೊಟ್ಟೆ ಬರುತ್ತಿತ್ತು, ಅಷ್ಟರಲ್ಲಿ 60 ಗ್ರಾಂ ಪ್ರೊಟೀನ್.

ಬಾರ್ ಪರವಾಗಿ ಒಂದು ಮಾತಿದೆ, ಅದನ್ನೂ ಒಪ್ಪಬೇಕು. ಕಡ್ಲೆಬೀಜದಲ್ಲಿ ಕೊಬ್ಬು ಹೆಚ್ಚು. 20 ಗ್ರಾಂ ಪ್ರೊಟೀನಿಗೆಂದು ಅದನ್ನೇ ತಿನ್ನಲು ಹೋದರೆ 450 ಕ್ಯಾಲೊರಿ ದಾಟುತ್ತದೆ. ಒಳ್ಳೆಯ ದುಬಾರಿ ಬಾರ್ ಅದರ ಅರ್ಧದಷ್ಟು ಕ್ಯಾಲೊರಿಯಲ್ಲಿ ಅಷ್ಟೇ ಪ್ರೊಟೀನ್ ಕೊಡಬಲ್ಲದು. ಆದರೆ ಮೂರು ಮೊಟ್ಟೆಯೂ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ, ₹21ಕ್ಕೆ. ಮೊಟ್ಟೆ ತಿನ್ನದವರಿಗೆ ಸೋಯಾ ಇದೆ, ಒಣ ಸೋಯಾ ಚಂಕ್ಸ್ 100 ಗ್ರಾಂನಲ್ಲಿ 50 ಗ್ರಾಂ ಮೀರಿ ಪ್ರೊಟೀನ್ ಇರುತ್ತದೆ. ಹೆಸರುಕಾಳು, ಮಜ್ಜಿಗೆ, ಪನೀರ್ ಇವೆ.

ಹಾಗಾದರೆ ನಮಗೆ ಪ್ರೊಟೀನ್ ಕೊರತೆಯೇ ಇಲ್ಲವೇ? ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ 17 ಅಂಶಗಳ ಆಹಾರ ಮಾರ್ಗಸೂಚಿ ಹೊರಡಿಸಿತು. ನಮ್ಮ ದಿನದ ಶಕ್ತಿಯಲ್ಲಿ ಶೇ 50ರಿಂದ 70ರಷ್ಟು ಏಕದಳ ಧಾನ್ಯದಿಂದಲೇ ಬರುತ್ತಿದೆ, ಬೇಳೆಕಾಳು, ಮಾಂಸ, ಮೀನು ಎಲ್ಲ ಸೇರಿ ಶೇ 14ರಷ್ಟು ಬರಬೇಕಾದಲ್ಲಿ ಶೇ 6ರಿಂದ 9ರಷ್ಟು ಮಾತ್ರ ಬರುತ್ತಿದೆ ಎಂದು ಅದು ಹೇಳುತ್ತದೆ. ನಮ್ಮ ಶಾಲೆಯ ಮಕ್ಕಳ ಡಬ್ಬಿಯಲ್ಲಿ ನಾನು ಕಾಣುವುದೂ ಅದನ್ನೇ. ಚಿತ್ರಾನ್ನ, ಪುಳಿಯೋಗರೆ, ಅನ್ನಕ್ಕೆ ತಿಳಿಸಾರು. ತೊಗರಿಬೇಳೆ ಬೆಲೆ ಏರಿದ ತಿಂಗಳು ಸಾರು ಇನ್ನೂ ನೀರಾಗುತ್ತದೆ. ಕಾಯಿಲೆ ಇರುವುದು ಇಲ್ಲಿ, ಬಟ್ಟಲಿನಲ್ಲಿ. ಅದೇ ಮಾರ್ಗಸೂಚಿ ಏಕದಳ ಧಾನ್ಯದ ಜೊತೆ ಬೇಳೆಕಾಳು ಕೂಡಿಸಿ ಉಣ್ಣಿ ಎನ್ನುತ್ತದೆ, ಮೈಕಟ್ಟು ಬೆಳೆಸಲು ಪ್ರೊಟೀನ್ ಪುಡಿಗಳ ಮೊರೆ ಹೋಗಬೇಡಿ ಎಂದೂ ಹೇಳುತ್ತದೆ. ಕಸರತ್ತು ಮಾಡುವವರಲ್ಲೂ ದೇಹತೂಕದ ಕಿಲೋಗೆ 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ಅದರ ಮಾತು. ಸಾಮಾನ್ಯ ವಯಸ್ಕರಿಗೆ ಕಿಲೋಗೆ 0.83 ಗ್ರಾಂ ಸಾಕು.

13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಬೇಕಾದದ್ದು ಸುಮಾರು 43 ಗ್ರಾಂ. ಇದನ್ನು ಮನೆ ಮತ್ತು ಶಾಲೆಯ ಊಟದಲ್ಲೇ ಕೂಡಿಸಬಹುದೇ ಎಂದು ಮಕ್ಕಳ ಜೊತೆ ಕೂತು ಬೋರ್ಡಿನ ಮೇಲೆ ಬರೆದೆವು. ಎರಡು ಹೊತ್ತಿನ ಅನ್ನದ 200 ಗ್ರಾಂ ಅಕ್ಕಿಯಿಂದ ಸುಮಾರು 15 ಗ್ರಾಂ. ಒಂದು ರಾಗಿಮುದ್ದೆಯಿಂದ ಐದು. ಗಟ್ಟಿಯಾಗಿ ಮಾಡಿದ ಸಾರಿನಲ್ಲಿ ಅವಳ ಪಾಲಿನ 40 ಗ್ರಾಂ ಬೇಳೆಯಿಂದ ಎಂಟು. ಶಾಲೆಯ ಮೊಟ್ಟೆಯಿಂದ ಆರು. ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯ ಯೋಜನೆಯ ಹಾಲಿನಿಂದ ನಾಲ್ಕು ಮೀರಿ. ಸಂಜೆ ಆಟಕ್ಕೆ ಮುಂಚೆ ಒಂದು ಹಿಡಿ ಕಡ್ಲೆಬೀಜದಿಂದ ಏಳು. ಕೂಡಿದರೆ 45 ಗ್ರಾಂ. ಎಲ್ಲಿಯೂ ಬಾರ್ ಬೇಕಾಗಲಿಲ್ಲ. ಅನ್ನದಲ್ಲಿ ಕೊರತೆಯಿರುವ ಅಮೈನೊ ಆಮ್ಲವನ್ನು ಬೇಳೆ ತುಂಬುತ್ತದೆ, ಬೇಳೆಯ ಕೊರತೆಯನ್ನು ಅನ್ನ, ರಾಗಿ ತುಂಬುತ್ತವೆ. ಉತ್ತರದ ಜಿಲ್ಲೆಗಳಲ್ಲಿ ಜೋಳದ ರೊಟ್ಟಿ ಜೊತೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಕರಾವಳಿಯಲ್ಲಿ ಅನ್ನಕ್ಕೆ ಬಂಗುಡೆ ಸಾರು, ಮಲೆನಾಡಿನಲ್ಲಿ ಹುರುಳಿ ಕಟ್ಟಿನ ಸಾರು ಮಾಡುತ್ತಿರುವ ಕೆಲಸವೂ ಇದೇ.

ಆ ಲೆಕ್ಕದಲ್ಲಿ ಮೊಟ್ಟೆ ಮತ್ತು ಹಾಲು ಶಾಲೆಯಿಂದ ಬಂದವು ಎಂಬುದನ್ನು ಗಮನಿಸಿ. 2013ರಲ್ಲಿ ಕ್ಷೀರಭಾಗ್ಯ ಶುರುವಾಯಿತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಸಿಗುವಂತಾಯಿತು. ಮೊಟ್ಟೆ ಕೊಡುವಾಗ ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಉತ್ಸಾಹವನ್ನು ನಾನು ದಿನಾ ನೋಡುತ್ತೇನೆ. ಪ್ರೊಟೀನಿನ ಹೆಸರಿನಲ್ಲಿ ನಾಡಿನಲ್ಲಿ ಆಗಿರುವ ದೊಡ್ಡ ಕೆಲಸ ಅದು. ಹಣವಂತರ ಮಕ್ಕಳ ಬ್ಯಾಗಿನ ಬಾರ್ ನೋಡಿ ನಮ್ಮ ಮಕ್ಕಳು ತಮಗೇನೋ ಕಡಿಮೆಯಾಗಿದೆ ಎಂದುಕೊಳ್ಳಬೇಕಾಗಿಲ್ಲ.

ಪೌಷ್ಟಿಕ ಪೊಟ್ಟಣದ ವಿಚಾರದಲ್ಲಿ ಮೈಸೂರಿಗೆ ಹಳೆಯ ನಂಟಿದೆ. 1950ರಲ್ಲಿ ಇಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ತನ್ನ ಮೊದಲ ವರ್ಷಗಳಲ್ಲಿ ಅಪೌಷ್ಟಿಕತೆಯಿಂದ ನರಳುತ್ತಿದ್ದ ಜನರಿಗಾಗಿ ‘ಮಲ್ಟಿಪರ್ಪಸ್ ಫುಡ್’ ಎಂಬ ಮಿಶ್ರಣ ತಯಾರಿಸಿತು. ಮೂರು ಪಾಲು ಎಣ್ಣೆ ತೆಗೆದ ಕಡ್ಲೆಬೀಜದ ಹಿಟ್ಟು, ಒಂದು ಪಾಲು ಕಡಲೆ ಹಿಟ್ಟು, ಮೇಲೆ ವಿಟಮಿನ್ನು, ಖನಿಜಾಂಶ. ಬಡವರಿಗೆ ಅಗ್ಗದಲ್ಲಿ ಪ್ರೊಟೀನ್ ಮುಟ್ಟಿಸುವುದು ಅದರ ಗುರಿಯಾಗಿತ್ತು. ಅದೇ ಸಂಸ್ಥೆಯ ಜೊತೆ ಸೇರಿ ಮೆಕ್‌ಡೊನಾಲ್ಡ್ಸ್ 2025ರ ಜುಲೈನಲ್ಲಿ ಬರ್ಗರ್‌ಗೆ ಐದು ಗ್ರಾಂ ಪ್ರೊಟೀನ್ ಸೇರಿಸುವ ಸ್ಲೈಸ್ ತಂದಿತು. 2024ರ ಡಿಸೆಂಬರ್‌ನಲ್ಲಿ ಕೆಎಂಎಫ್ ವ್ಹೇ ಪ್ರೊಟೀನ್ ಬೆರೆಸಿದ ನಂದಿನಿ ಇಡ್ಲಿ-ದೋಸೆ ಹಿಟ್ಟು ಬಿಡುಗಡೆ ಮಾಡಿತು. ದಿನಾ ತಿನ್ನುವ ದೋಸೆಗೇ ಪ್ರೊಟೀನ್ ಸೇರುವುದಾದರೆ ಒಳ್ಳೆಯದು. ಆದರೆ ನಮ್ಮ ವಿಜ್ಞಾನ, ನಮ್ಮ ಸಹಕಾರ ಸಂಸ್ಥೆಗಳು ಮೊದಲು ತಲುಪಬೇಕಾದದ್ದು ನೀರುಸಾರಿನ ಮನೆಗಳನ್ನು. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ ಇರುವ ಇಂದಿರಾ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮಾಡಿದ ತೀರ್ಮಾನವನ್ನು ನಾನು ಸ್ವಾಗತಿಸುವುದು ಈ ಕಾರಣಕ್ಕೆ.

ಪೊಟ್ಟಣ ಯಾರಿಗೂ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಊಟ ಸೇರದ ವೃದ್ಧರಿಗೆ, ಕಾಯಿಲೆಯಿಂದ ಎದ್ದವರಿಗೆ ವೈದ್ಯರು ಅಥವಾ ಆಹಾರತಜ್ಞರು ಬರೆದುಕೊಟ್ಟರೆ ತೆಗೆದುಕೊಳ್ಳಲಿ. ರಾತ್ರಿಯಿಡೀ ಬಸ್ಸಿನಲ್ಲಿ ಹೋಗುವವರಿಗೆ, ಊಟಕ್ಕೆ ಬಿಡುವಿಲ್ಲದ ಪಾಳಿಯಲ್ಲಿ ದುಡಿಯುವವರಿಗೆ ಕರಿದ ತಿಂಡಿಗಿಂತ ಒಂದು ಒಳ್ಳೆಯ ಬಾರ್ ಮೇಲು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ಮಾಲ್ಟಿಟಾಲ್‌ನಂಥ ಸಿಹಿಕಾರಕ ಇರುವ ‘ಶುಗರ್ ಫ್ರೀ’ ಬಾರ್‌ಗಳನ್ನು ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ, ಪಂದ್ಯದ ದಿನ ಮಕ್ಕಳಿಗೆ ಕೊಡಲೇಬಾರದು.

ಕೊಳ್ಳಲೇಬೇಕಾದರೆ ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗ ಓದಿ. ಇಡೀ ಪೊಟ್ಟಣದಲ್ಲಿ ಪ್ರೊಟೀನ್ ಎಷ್ಟು ಗ್ರಾಂ ಎಂದು ನೋಡಿ, ಬೆಲೆಯನ್ನು ಅದರಿಂದ ಭಾಗಿಸಿ. ಸಾಮಗ್ರಿಗಳ ಪಟ್ಟಿಯ ಮೊದಲ ಮೂರು ಹೆಸರು ಓದಿ. ಅಲ್ಲಿ ಸಕ್ಕರೆ, ಪಾಕ, ಪಾಮ್ ಎಣ್ಣೆ ಇದ್ದರೆ ಅದು ಮಿಠಾಯಿಯೇ. ಕ್ಯಾಲೊರಿಗೆ ಮೊಟ್ಟೆಯನ್ನು ಅಳತೆಗೋಲು ಮಾಡಿಕೊಳ್ಳಿ. ಮೊಟ್ಟೆಯಲ್ಲಿ 200 ಕ್ಯಾಲೊರಿಗೆ 15 ಗ್ರಾಂಗಿಂತ ಹೆಚ್ಚು ಪ್ರೊಟೀನ್ ಸಿಗುತ್ತದೆ. ಅದರ ಅರ್ಧವನ್ನೂ ಕೊಡದ ತಿಂಡಿಗೆ ಪ್ರೊಟೀನ್ ಹೆಸರಿನ ಬೆಲೆ ತೆರಬೇಡಿ.

ಆಹಾರ ಸುರಕ್ಷತಾ ಪ್ರಾಧಿಕಾರ ಮಾಡಬೇಕಾದ ಕೆಲಸವೂ ಇದೆ. ‘ಹೈ ಪ್ರೊಟೀನ್’ ಎಂದು ಬರೆಯುವವರು ಆ ಪೊಟ್ಟಣದಲ್ಲಿರುವ ಒಟ್ಟು ಪ್ರೊಟೀನ್, ಒಟ್ಟು ಸಕ್ಕರೆಯನ್ನು ಅದೇ ಗಾತ್ರದ ಅಕ್ಷರದಲ್ಲಿ, ಅದೇ ಮುಂಭಾಗದಲ್ಲಿ, ಆಯಾ ರಾಜ್ಯದ ಭಾಷೆಯಲ್ಲೂ ಬರೆಯಬೇಕು ಎಂದು ಕಡ್ಡಾಯ ಮಾಡಲಿ. ಬಿಸ್ಕತ್ತು, ಚಿಪ್ಸಿಗೆ ಈ ಹೆಸರು ಸಿಗದಷ್ಟು ಮಟ್ಟಕ್ಕೆ ಮಿತಿಯನ್ನು ಏರಿಸಲಿ. ಹೂವು ಮಾರುವ ತಾಯಿ ಇಂಗ್ಲಿಷಿನ ಸಣ್ಣಕ್ಷರ ಓದಿ ಭಾಗಾಕಾರ ಮಾಡಬೇಕೆಂದು ಬಯಸುವುದು ನ್ಯಾಯವಲ್ಲ.

ಪೋಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಬಾರ್‌ಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಈ ವಾರ ಹತ್ತು ಮೊಟ್ಟೆಯನ್ನೋ ಅರ್ಧ ಕಿಲೋ ಹುರಿಗಡಲೆಯನ್ನೋ ತನ್ನಿ, ಸಾರಿಗೆ ಇನ್ನೊಂದು ಹಿಡಿ ಬೇಳೆ ಹಾಕಿ. ಹೆಣ್ಣುಮಕ್ಕಳ ತಟ್ಟೆಗೂ ಗಂಡುಮಕ್ಕಳಷ್ಟೇ ಬಡಿಸಿ. ಮಕ್ಕಳ ಮೈಗೆ ಕಸುವು ಬರುವುದು ದಿನಾ ಹೊಟ್ಟೆ ತುಂಬ ಉಂಡು, ಚೆನ್ನಾಗಿ ಆಡಿ, ಚೆನ್ನಾಗಿ ನಿದ್ದೆ ಮಾಡುವುದರಿಂದ.