ಡಯಾಲಿಸಿಸ್ ರೋಗಿಗೆ ವಿಟಮಿನ್ ಮಾತ್ರೆಯ ಆಸೆ ಹುಟ್ಟಿಸಬೇಡಿ

ಡಯಾಲಿಸಿಸ್‌ನಲ್ಲಿರುವವರ ಜೀವಕ್ಕೆ ಹೆಚ್ಚಾಗಿ ಎರವಾಗುವುದು ಹೃದ್ರೋಗ. ರಕ್ತ ಯಂತ್ರದ ಪೊರೆಗೆ ತಾಗಿದಾಗ ಬಿಳಿ ರಕ್ತಕಣಗಳು ಕೆರಳಿ ಆಕ್ಸಿಡೀಕರಣದ ಒತ್ತಡ ಏರುತ್ತದೆ. ಅದನ್ನು ತಣಿಸಬೇಕಾದ ವಿಟಮಿನ್ ಸಿ ಅದೇ ಹೊತ್ತಿಗೆ ಡಯಾಲಿಸಿಸ್ ದ್ರವದೊಡನೆ ಹರಿದುಹೋಗುತ್ತದೆ. ಹೋದದ್ದನ್ನು ಮಾತ್ರೆಯಿಂದ ತುಂಬಿಕೊಡೋಣ ಎಂಬ ತರ್ಕ ಸಹಜವೇ. 2000ದಲ್ಲಿ ಪ್ರಕಟವಾದ ಇಸ್ರೇಲಿನ ‘ಸ್ಪೇಸ್’ ಅಧ್ಯಯನ ಅದಕ್ಕೆ ಬಲವನ್ನೂ ಕೊಟ್ಟಿತು: ಮೊದಲೇ ಹೃದ್ರೋಗವಿದ್ದ 196 ಡಯಾಲಿಸಿಸ್ ರೋಗಿಗಳ ಪೈಕಿ, ಸಿಯಂತೆಯೇ ಆಕ್ಸಿಡೀಕರಣ ತಡೆಯುವ ವಿಟಮಿನ್ ಇಯನ್ನು ದಿನಕ್ಕೆ 800 ಯೂನಿಟ್ ಪಡೆದವರಲ್ಲಿ ಹೃದಯಾಘಾತದಂಥ ತೊಂದರೆಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಒಟ್ಟು ಸಾವಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಷ್ಟು ಚಿಕ್ಕ ಅಧ್ಯಯನದ ಮೇಲೆ ಚಿಕಿತ್ಸೆ ಕಟ್ಟುವುದು ಸರಿಯಲ್ಲ. 353 ರೋಗಿಗಳಿದ್ದ, 2014ರ ಅಮೆರಿಕದ ಪ್ರಯೋಗದಲ್ಲಿ 6 ತಿಂಗಳು ಟೊಕೊಫೆರಾಲ್ (ವಿಟಮಿನ್ ಇ) ಮತ್ತು ಆಕ್ಸಿಡೀಕರಣ ತಡೆಯುವ ಲಿಪೋಯಿಕ್ ಆಮ್ಲ ನುಂಗಿದವರಲ್ಲಿ ಉರಿಯೂತದ ಸೂಚಕಗಳೂ ಇಳಿಯಲಿಲ್ಲ, ಆಕ್ಸಿಡೀಕರಣದವೂ ಇಳಿಯಲಿಲ್ಲ.

‘ಲಾಭವಾಗದಿದ್ದರೂ ನಷ್ಟವೇನು?’ ಎನ್ನುವವರಿದ್ದಾರೆ. ಮೂತ್ರಪಿಂಡ ಸೋತ ದೇಹದಲ್ಲಿ ನಷ್ಟವಿದೆ. ಅತಿಯಾದ ವಿಟಮಿನ್ ಸಿ ಆಕ್ಸಲೇಟ್ ಆಗಿ ಮಾರ್ಪಟ್ಟು ಹೃದಯ, ಮೂಳೆ, ರಕ್ತನಾಳಗಳಲ್ಲಿ ಕೂರಬಹುದು. ವಿಟಮಿನ್ ಎ ಯಂತ್ರದಿಂದ ಹೊರಹೋಗದೆ ಮೈಯಲ್ಲೇ ಶೇಖರವಾಗುತ್ತದೆ. ವೈದ್ಯರು ಅಳೆದು ಬರೆದುಕೊಡುವ ಬಿ ಗುಂಪಿನ ಮಾತ್ರೆ, ಸ್ವಲ್ಪ ಪ್ರಮಾಣದ ವಿಟಮಿನ್ ಸಿ ಬೇರೆ ಮಾತು. ಅವು ಕೊರತೆ ನೀಗಿಸಲಿಕ್ಕೆ. ಚೀಟಿಯಿಲ್ಲದೆ ಕೈಗೆ ಸಿಗುವ ಮಲ್ಟಿವಿಟಮಿನ್‌ನಲ್ಲಿ ಬಹುಪಾಲು ವಿಟಮಿನ್ ಎ ಇರುತ್ತದೆ. ಅದನ್ನು ಕೊಡುವ ಮುನ್ನ ಡಯಾಲಿಸಿಸ್ ಆಗುತ್ತಿದೆಯೇ ಎಂದು ಔಷಧ ಅಂಗಡಿಯವರು ಕೇಳಲೇಬೇಕು.