ಗಿನಿಹಂದಿಯ ಕಡಿತ: ತಪ್ಪು ಯಾರದು?

ಮಕ್ಕಳ ಸಂತೋಷಕ್ಕಾಗಿ ಗಿನಿಹಂದಿಯನ್ನು ಮನೆಗೆ ತರುವವರುಂಟು. ಅದು ನೋಡಲು ಮುದ್ದು, ಸ್ವಭಾವದಲ್ಲಿ ಸಾಧು. ಇಂತಹ ಪ್ರಾಣಿ ಒಂದು ದಿನ ಮಗುವಿನ ಬೆರಳನ್ನು ಕಚ್ಚಿತೆಂದರೆ ಮನೆಯವರ ತೀರ್ಪು ಕೂಡಲೇ ಸಿದ್ಧವಾಗುತ್ತದೆ: ಇದು ದುಷ್ಟ ಪ್ರಾಣಿ, ಇದಕ್ಕೆ ಬುದ್ಧಿ ಕಲಿಸಬೇಕು! ಅದರ ಮೂಗಿಗೆ ಪೆಟ್ಟು ಬೀಳುತ್ತದೆ. ಇಲ್ಲವೇ ಯಾರ ಕೈಯೂ ಸೋಕದಂತೆ ಅದು ಗೂಡಿನ ಮೂಲೆಗೆ ಸೇರುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಇಲ್ಲಿ ನೆನೆಯಬೇಕಾಗಿದೆ.

ಗಿನಿಹಂದಿಯು ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ಅದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶದ ದಂಶಕ. ಅಲ್ಲಿಯ ಜನರು ಸಾವಿರಾರು ವರ್ಷಗಳ ಹಿಂದೆಯೇ ಮಾಂಸಕ್ಕಾಗಿ ಅದನ್ನು ಸಾಕತೊಡಗಿದರು. ಅದರ ಕಾಡು ಪೂರ್ವಜರು ನರಿಗಳಿಗೂ ಬೇಟೆಹಕ್ಕಿಗಳಿಗೂ ಆಹಾರವಾಗುತ್ತಿದ್ದವು. ಓಡುವುದು, ಅಡಗುವುದು ಇವೇ ಅವುಗಳಿಗಿದ್ದ ರಕ್ಷಣೆ. ಸಾಕುಪ್ರಾಣಿಯಾದರೂ ಆ ಅಂಜಿಕೆ ಅಳಿದಿಲ್ಲ. ಮೇಲಿನಿಂದ ಥಟ್ಟನೆ ಎರಗುವ ಕೈ ಅದಕ್ಕೆ ಹದ್ದಿನ ಕಾಲಾಗಿ ತೋರಿದರೆ ಆಶ್ಚರ್ಯವೇನು? ಸಾಮಾನ್ಯವಾಗಿ ಅದು ಮೊದಲು ಓಡಲೆಳಸುತ್ತದೆ. ಹಲ್ಲು ಕಟಕಟಿಸಿ ಎಚ್ಚರಿಸುವುದೂ ಉಂಟು. ಇದನ್ನು ಗಮನಿಸದೆ ಹಿಡಿದವರಿಗೆ ಕಡಿತ ತಪ್ಪಿದ್ದಲ್ಲ.

ಎಲ್ಲ ಕಡಿತಗಳೂ ಒಂದೇ ಬಗೆಯವಲ್ಲ. ಸೌತೆಕಾಯಿಯ ವಾಸನೆಯುಳ್ಳ ಬೆರಳನ್ನು ಅದು ತಿನಿಸೆಂದು ಬಗೆದು ಕಚ್ಚಬಹುದು. ಕೈ ತೊಳೆದು ಮುಟ್ಟಿದರೆ ಆ ತೊಂದರೆ ತೀರಿತು. ಬಹಳ ಹೊತ್ತು ಮಡಿಲಲ್ಲಿದ್ದು ಬೇಸತ್ತಾಗ ಬಟ್ಟೆಯನ್ನು ಮೆಲ್ಲನೆ ಕಚ್ಚಿ ಎಳೆಯುವುದುಂಟು; ಇದು ಕೆಳಗಿಳಿಸೆಂಬ ಬೇಡಿಕೆ. ಆದರೆ ಸಾಧುವಾಗಿದ್ದ ಪ್ರಾಣಿ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಮೊದಲು ಶಂಕಿಸಬೇಕಾದುದು ನೋವನ್ನು. ಗಿನಿಹಂದಿಯ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಿರುತ್ತವೆ. ಸಾಕಷ್ಟು ಹುಲ್ಲು ದೊರೆಯದಿದ್ದರೆ ಅವು ಸವೆಯದೆ ಬಾಯನ್ನು ನೋಯಿಸುತ್ತವೆ. ತುಪ್ಪುಳಿನಡಿಯ ನುಸಿಗಳಿಂದ ಚರ್ಮ ಹುಣ್ಣಾದಾಗಲೂ ಅದು ಸ್ಪರ್ಶವನ್ನು ಸಹಿಸದು.

ಇನ್ನೊಂದು ಕಾರಣವಂತೂ ನಮ್ಮನ್ನು ನಾಚಿಸತಕ್ಕದ್ದು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬ ವಿಜ್ಞಾನಿಗಳು, ಬರಿಯ ಧಾನ್ಯವನ್ನು ತಿಂದ ಗಿನಿಹಂದಿಗಳಿಗೆ ಸ್ಕರ್ವಿ ರೋಗ ತಗಲುವುದನ್ನೂ ತಾಜಾ ತರಕಾರಿಯಿಂದ ಅದನ್ನು ತಡೆಯಬಹುದೆಂಬುದನ್ನೂ ಪ್ರಕಟಿಸಿದರು. ಮನುಷ್ಯನಂತೆಯೇ ಈ ಪ್ರಾಣಿಯೂ ಸಿ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಆ ಸತ್ವದ ಶೋಧಕ್ಕೆ ದಾರಿ ತೋರಿದ ಪ್ರಾಣಿ ಇಂದು ನಮ್ಮ ಮನೆಯಲ್ಲೇ ಅದರ ಕೊರತೆಯಿಂದ ನರಳಬಹುದು! ಸ್ಕರ್ವಿಯಲ್ಲಿ ಕೀಲುಗಳು ಊದಿ, ಒಸಡುಗಳಲ್ಲಿ ರಕ್ತ ಒಸರುತ್ತದೆ. ಅಂತಹ ಮೈಯನ್ನು ಎತ್ತಿದಾಗ ಅದು ಕಚ್ಚಿದರೆ ದುಷ್ಟತನವೆನ್ನುವುದು ನ್ಯಾಯವೇ? ದಿನವೂ ಒಂದು ತುಂಡು ದೊಣ್ಣೆಮೆಣಸಿನಕಾಯಿ, ತಾಜಾ ಸೊಪ್ಪು, ಬೇಕಾದಷ್ಟು ಒಣಹುಲ್ಲು ಕೊಡುವುದು ಯಾರಿಗೂ ಭಾರವಲ್ಲ.

ಹಿಡಿಯುವುದಕ್ಕೂ ಕ್ರಮವುಂಟು. ಮೊದಲು ಕೈಯನ್ನು ಅದರ ಮಟ್ಟದಲ್ಲೇ ಚಾಚಿ ಮೂಸಗೊಡಬೇಕು. ಬಳಿಕ ಒಂದು ಕೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಹಿಂಭಾಗದ ಕೆಳಗೂ ಇಟ್ಟೆತ್ತಿ ಮೈಗೊತ್ತಿ ಹಿಡಿಯಬೇಕು. ಮಕ್ಕಳು ನೆಲದ ಮೇಲೆ ಕುಳಿತೇ ಹಿಡಿಯುವುದು ಕ್ಷೇಮ. ಕಡಿತದಿಂದ ಗಾಯವಾದರೆ ಸಾಬೂನು ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಅದೇ ಕಾಳಜಿಯಿಂದ ಪ್ರಾಣಿಯನ್ನೂ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಪೆಟ್ಟಿನಿಂದ ಗಿನಿಹಂದಿ ಕಲಿಯುವುದು ಒಂದೇ ಪಾಠ: ಮನುಷ್ಯನ ಕೈ ಅಂಜತಕ್ಕದ್ದು. ಅಂಜಿದ ಪ್ರಾಣಿ ಮತ್ತೆ ಕಚ್ಚುತ್ತದೆ. ಅದನ್ನು ನೋಡುತ್ತಿರುವ ಮಗುವೂ, ತನಗೆ ತಿಳಿಯದುದನ್ನು ಹೊಡೆದು ಸರಿಪಡಿಸಬಹುದೆಂದು ಕಲಿಯುತ್ತದೆ. ಏಕೆ ಕಚ್ಚಿತೆಂದು ಮಗುವಿನೊಡನೆ ಕುಳಿತು ವಿಚಾರಿಸುವುದೇ ಮೇಲೆಂದು ನಮ್ಮ ಅಭಿಪ್ರಾಯ.