ಬೀಗವೇನೋ ಸರಿ, ಕೀಲಿಕೈ ಯಾರದು?

ದುಡ್ಡು ಕೊಟ್ಟು ಕೊಂಡ ಮಿಕ್ಸಿಯಲ್ಲಿ ಏನು ರುಬ್ಬಬೇಕೆಂದು ಅದನ್ನು ತಯಾರಿಸಿದ ಕಂಪನಿ ಹೇಳುವುದಿಲ್ಲ. ಮೊಬೈಲ್ ಫೋನಿನ ಕಥೆ ಹಾಗಲ್ಲ. 2008ರ ಜುಲೈಯಲ್ಲಿ ಆಪಲ್ ಕಂಪನಿ ಐಫೋನಿಗಾಗಿ ‘ಆಪ್ ಸ್ಟೋರ್’ ತೆರೆದಾಗ, ತಾನು ಪರೀಕ್ಷಿಸಿ ಒಪ್ಪಿದ ತಂತ್ರಾಂಶಕ್ಕಷ್ಟೇ ಪ್ರವೇಶವೆಂದು ನಿಯಮ ಮಾಡಿತು. ಗೂಗಲ್‌ನ ಆಂಡ್ರಾಯ್ಡ್ ಇಷ್ಟು ಮಡಿ ಮಾಡಲಿಲ್ಲ. ಹೊರಗಿನಿಂದ ತಂದ ತಂತ್ರಾಂಶವನ್ನೂ ಒಂದು ಎಚ್ಚರಿಕೆಯ ಮಾತು ಹೇಳಿ ಒಳಗೆ ಬಿಟ್ಟುಕೊಂಡಿತು.

ಈ ಸಡಿಲಿಕೆ ಕಳ್ಳರಿಗೂ ಅನುಕೂಲವಾಯಿತು. ವಾಟ್ಸ್‌ಆಪ್‌ನಲ್ಲಿ ಮದುವೆ ಕರೆಯೋಲೆಯ ವೇಷದಲ್ಲಿ ಬರುವ ‘ಎಪಿಕೆ’ ಕಡತಗಳ ಬಗ್ಗೆ 2024ರಲ್ಲಿ ಭಾರತದ ಪೊಲೀಸರೇ ಜನರನ್ನು ಎಚ್ಚರಿಸಬೇಕಾಯಿತು. ಅದನ್ನು ತೆರೆದು, ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ ಬ್ಯಾಂಕಿನ ಒಟಿಪಿಯೂ ಕಳ್ಳನ ಕೈ ಸೇರಬಹುದು.

2025ರ ಆಗಸ್ಟ್‌ನಲ್ಲಿ ಗೂಗಲ್ ಹೊಸ ನಿಯಮ ಪ್ರಕಟಿಸಿದ್ದು ಇಂಥ ಮೋಸವನ್ನೇ ಮುಂದಿಟ್ಟು. ತಂತ್ರಾಂಶ ಎಲ್ಲಿಂದಲೇ ಬರಲಿ, ಅದನ್ನು ರೂಪಿಸಿದವರು ತಮ್ಮ ಗುರುತನ್ನು ಗೂಗಲ್‌ಗೆ ಒಪ್ಪಿಸಿರಬೇಕು. ಮುಕ್ತ ತಂತ್ರಾಂಶಗಳನ್ನು ಹಂಚುವ ಎಫ್-ಡ್ರಾಯ್ಡ್ ಇದನ್ನು ಬಲವಾಗಿ ವಿರೋಧಿಸಿತು. ನವೆಂಬರಿನಲ್ಲಿ ಗೂಗಲ್ ತುಸು ಮೆತ್ತಗಾಗಿ, ಅಪಾಯ ಅರಿತು ಮುಂದುವರಿಯುವ ಅನುಭವಿಗಳಿಗೆ ಬೇರೆ ದಾರಿ ಬಿಡುವುದಾಗಿ ಹೇಳಿತು.

ಒಬ್ಬರೇ ಕಾಯುವ ಒಂದೇ ಬಾಗಿಲಿದ್ದರೆ ಏನಾದೀತು? ಹಾಂಕಾಂಗ್‌ನ ಉದಾಹರಣೆ ನೋಡಿ. 2019ರ ಪ್ರತಿಭಟನೆಗಳ ಕಾಲದಲ್ಲಿ ಪೊಲೀಸರು ಎಲ್ಲಿದ್ದಾರೆಂದು ಜನರೇ ಗುರುತಿಸಿ ತೋರಿಸುವ ‘ಎಚ್‌ಕೆಮ್ಯಾಪ್ ಲೈವ್’ ಎಂಬ ನಕ್ಷೆಯಿತ್ತು. ಚೀನಾದ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಟೀಕಿಸಿದ ಬೆನ್ನಿಗೇ, ಅಕ್ಟೋಬರಿನಲ್ಲಿ ಆಪಲ್ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತು. ಪೊಲೀಸರ ಮೇಲೆ ದಾಳಿಗೆ ಅದು ಬಳಕೆಯಾಗುತ್ತಿದೆ ಎಂಬುದು ಕಂಪನಿಯ ಸಮಜಾಯಿಷಿ. ಸಾಕ್ಷ್ಯವಿಲ್ಲವೆಂದು ನಕ್ಷೆ ರೂಪಿಸಿದವರ ವಾದ. ಯಾರದು ಸರಿಯೆಂದು ತೀರ್ಮಾನಿಸಿದ್ದು ನ್ಯಾಯಾಲಯವಲ್ಲ, ಅಂಗಡಿಯ ಮಾಲೀಕರು. ಐಫೋನ್ ಇದ್ದವರಿಗೆ ಉಳಿದದ್ದು ಅದರ ಅಂತರ್ಜಾಲ ಪುಟವಷ್ಟೇ.

ಐರೋಪ್ಯ ಒಕ್ಕೂಟದಲ್ಲಿ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಒತ್ತಡದಿಂದ 2024ರ ಮಾರ್ಚ್‌ನಲ್ಲಿ ಐಫೋನಿಗೆ ಬೇರೆ ಅಂಗಡಿಗಳಿಗೂ ಅವಕಾಶ ದೊರೆಯಿತು. ಫೋನು ಕೊಂಡಾಗ ಬಾಗಿಲು ಮುಚ್ಚಿಯೇ ಇರಲಿ. ಅಮ್ಮ, ಅಜ್ಜಿಯರ ಉಳಿತಾಯಕ್ಕೆ ಅದೇ ಕ್ಷೇಮ. ತೆರೆಯುವ ಮುನ್ನ ನಾಲ್ಕು ಬಾರಿ ಎಚ್ಚರಿಸಲಿ. ಆದರೆ ತೆರೆಯಬೇಕೆಂದು ನಿಶ್ಚಯಿಸಿದ ಒಡೆಯನಿಗೆ ತೆರೆಯಲು ಬರಬೇಕು. ಕಳ್ಳರ ಭಯಕ್ಕೆ ಮನೆಗೆ ಬೀಗ ಹಾಕುವವರು ಕೀಲಿಕೈಯನ್ನು ಮನೆ ಕಟ್ಟಿದ ಮೇಸ್ತ್ರಿಯ ಬಳಿ ಬಿಟ್ಟುಬರುವುದಿಲ್ಲ.